ಕ್ರೇನಿನ ಸನ್ನೆ ಹಿಡಿದು ಕಾಡು ಹತ್ತಿದ್ದು

ನಮ್ಮಪ್ಪ ಕಾಫಿ ಚೆನ್ನಾಗಿದೆ ಎಂದರೂ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ. ಭದ್ರಾವತಿಯ ಫ್ಯಾಕ್ಟರಿಯೊಂದರಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದವರು ಅವರು. ಆ ಶೆಡ್ಡಿನಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದಿಗೆ ಪಕ್ಕದಲ್ಲಿ ನಿಂತವನ ಮಾತೂ ಕೇಳುತ್ತಿರಲಿಲ್ಲವಂತೆ. ಕಿವಿಗೆ ಇಟ್ಟುಕೊಳ್ಳಿ ಎಂದು ಕೊಟ್ಟ ಬಿರಡೆಗಳನ್ನು ಅಪ್ಪ ಮೂವತ್ತು ವರ್ಷವೂ ಜೇಬಿನಲ್ಲಿ ಇಟ್ಟುಕೊಂಡರು. ಹಾಕಿಕೊಂಡರೆ ತಲೆ ಭಾರವಾಗುತ್ತದೆ ಅನ್ನುವುದು ಅವರ ವಾದ. ಕ್ವಾರ್ಟರ್ಸಿನಲ್ಲಿದ್ದಾಗ ಅವರ ಗಂಟಲು ಯಾರಿಗೂ ವಿಚಿತ್ರ ಅನಿಸಲಿಲ್ಲ. ನಮ್ಮ ಬೀದಿಯಲ್ಲಿ ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ತೊಂದರೆ ಶುರುವಾದದ್ದು ಅಪ್ಪ ರಿಟೈರ್ ಆಗಿ, ಶಿವಮೊಗ್ಗದ ರವೀಂದ್ರನಗರದಲ್ಲಿರುವ ನನ್ನ ಮನೆಯ ಕೆಳಗಿನ ಭಾಗಕ್ಕೆ ಬಂದ ಮೇಲೆ.

ಮೊದಮೊದಲು ನಾವು ನಗುತ್ತಿದ್ದೆವು. ಟಿವಿಯ ಸದ್ದಿಗೆ ಎದುರುಮನೆಯವರೂ ಪುಕ್ಕಟೆಯಾಗಿ ವಾರ್ತೆ ಕೇಳುತ್ತಾರೆ ಎಂದು ಅಮ್ಮ ಛೇಡಿಸುತ್ತಿದ್ದಳು. ಆಮೇಲೆ ನಗು ಕಡಿಮೆಯಾಯಿತು. ಸಂಜೆ ವಾಕಿಂಗಿಗೆ ಹೋಗುತ್ತಿದ್ದ ಅಪ್ಪ ಅದನ್ನು ಬಿಟ್ಟರು. ಮಹಡಿ ಹತ್ತಿ ನಮ್ಮ ಮನೆಗೆ ಬಂದು ಹರಟುವುದನ್ನೂ ನಿಲ್ಲಿಸಿದರು. ನಾಲ್ಕು ಜನ ಕೂತು ಮಾತಾಡುವ ಕಡೆ ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು, ಅರೆಗಳಿಗೆ ತಡವಾಗಿ. ಡಾಕ್ಟರು ಪರೀಕ್ಷೆ ಮಾಡಿ, ಕಿವಿಗೆ ಮಿಷನ್ ಹಾಕಿಸಿ, ತಡ ಮಾಡಬೇಡಿ ಅಂದಿದ್ದರು. ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

‘ನಂಗೆ ಎಲ್ಲಾ ಕೇಳಿಸುತ್ತೆ. ನೀವು ಬಾಯೊಳಗೇ ಗೊಣಗ್ತೀರಿ, ಅಷ್ಟೇ.’

‘ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ, ನಿಮಗೆ ಹೇಳೋದೂ ಒಂದೇ’ ಎಂದು ಅಮ್ಮ ಅಡುಗೆಮನೆಯಿಂದ ಹೇಳಿದಳು. ಅದೂ ಅವರಿಗೆ ಕೇಳಿಸಲಿಲ್ಲ.

ನಾನು ಶಾಲೆಯ ಟೀಚರ್. ಬೇಸಿಗೆ ರಜೆಯಲ್ಲಿ ತಲೆ ಖಾಲಿ ಇದ್ದರೆ ಉಪಾಯಗಳು ಹುಟ್ಟುತ್ತವೆ. ಹೋದ ಮೇ ತಿಂಗಳಲ್ಲಿ, ಶಿವಮೊಗ್ಗದ ತಾರಸಿಗಳು ಕಾದ ಕಾವಲಿಯಾಗಿದ್ದಾಗ, ಅಪ್ಪ ಅಮ್ಮನನ್ನು ಎರಡು ದಿನ ಕೊಡಚಾದ್ರಿ ಕಡೆಯ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೊರಟೆ. ತಂಪು, ನಡಿಗೆ, ಹಕ್ಕಿ, ಪ್ರಾಣಿ. ಬಾಯಲ್ಲಿ ಹೇಳಿದ್ದು ಇಷ್ಟು. ಮನಸ್ಸಿನಲ್ಲಿದ್ದದ್ದು ಬೇರೆ. ಕಾಡಿನಲ್ಲಿ ಹಕ್ಕಿಗಳು ಕೂಗುತ್ತವೆ, ನಾವು ಆಹಾ ಅನ್ನುತ್ತೇವೆ, ಅಪ್ಪನಿಗೆ ಏನೂ ಕೇಳಿಸುವುದಿಲ್ಲ, ಆಗಲಾದರೂ ಒಪ್ಪಿಕೊಳ್ಳುತ್ತಾರೆ. ಹೆತ್ತ ತಂದೆಯನ್ನು ಸೋಲಿಸಲು ಇನ್ನೂರು ರೂಪಾಯಿಯ ಟೋಪಿ ಕೊಡಿಸಿ ಬೆಟ್ಟಕ್ಕೆ ಕರೆದೊಯ್ದ ಮಗಳು ನಾನು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆಳಿಗ್ಗೆ ಆಯನೂರಿನಲ್ಲಿ ಇಡ್ಲಿ ತಿಂದೆವು. ನಗರ ಅನ್ನುವ ಊರು ದಾಟುವ ಹೊತ್ತಿಗೆ ಗಾಳಿ ಬದಲಾಯಿತು. ಅಪ್ಪ ಕಿಟಕಿ ಇಳಿಸಿ ಕೈ ಹೊರಗೆ ಚಾಚಿ ಕೂತರು. ಹೋಂಸ್ಟೇ ಇದ್ದದ್ದು ಗುಡ್ಡದ ಬುಡದಲ್ಲಿ. ಅದರ ಯಜಮಾನರೇ ಅತಿಥಿಗಳನ್ನು ಕಾಡಿಗೆ ಕರೆದೊಯ್ಯುವವರು. ತೆಳ್ಳನೆಯ, ಮೆತ್ತಗಿನ ಮನುಷ್ಯ. ಅವರ ಹೆಂಡತಿ ತಂದುಕೊಟ್ಟ ಕಾಫಿ ಕುಡಿದು ಅಪ್ಪ, ‘ಏನ್ ಕಾಫಿ ರೀ ಇದು!’ ಎಂದು ಗುಡುಗಿದರು. ಆಕೆ ಬೆದರಿ, ಬೇರೆ ಮಾಡಿಕೊಡಲೇ ಎಂದು ನನ್ನನ್ನು ಕೇಳಿದರು. ಅದು ಹೊಗಳಿಕೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಮುಖ ಕೆಂಪಾಗಿತ್ತು.

ಅಂದಿನ ಸಂಜೆಯ ನಡಿಗೆ ಪೂರಾ ಕೆಟ್ಟಿತು. ಎತ್ತರದ ಮರದಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಹಣ್ಣು ತಿನ್ನುತ್ತಿತ್ತು. ಯಜಮಾನರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅಪ್ಪ ನೋಡಿ, ‘ಅಬ್ಬಾ, ಮೂಗು ನೋಡೇ ಅದರದ್ದು!’ ಎಂದು ಅಮ್ಮನಿಗೆ ಗುಟ್ಟು ಹೇಳಿದರು. ಅವರ ಲೆಕ್ಕದಲ್ಲಿ ಅದು ಗುಟ್ಟು. ಹಕ್ಕಿಗಳು ಹಾರಿಹೋದವು. ರೆಕ್ಕೆ ಬಡಿದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಮಂಗ, ಅಳಿಲು, ನವಿಲು ಯಾವುದೂ ನಮ್ಮ ಹತ್ತಿರ ಸುಳಿಯಲಿಲ್ಲ.

‘ಬೇಜಾರು ಮಾಡ್ಕೋಬೇಡಿ ಮಾರಾಯ್ರೆ’ ಎಂದರು ಯಜಮಾನರು, ‘ಹೀಂಗೆ ಕೂಗಿದ್ರೆ ಕಾಡಲ್ಲಿ ಎಂತ ನಿಲ್ತದೆ?’

ಅವರು ಹೇಳಿದ್ದು ಅಪ್ಪನಿಗೆ ಕೇಳಿಸಲಿಲ್ಲ. ನಾನು ಸಿಟ್ಟಿನಲ್ಲಿ ಅದನ್ನೇ ಕಿರುಚಿ ಹೇಳಿದೆ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ನಾಳೆ ನೀವು ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ’ ಅಂದರು. ನಾನು ಬಯಸಿದ್ದು ಇದೇ ಸೋಲನ್ನು. ಅದು ಕೈಗೆ ಬಂದಾಗ ಅಳು ಬರುವಂತಾಯಿತು.

ದಾರಿ ತೋರಿಸಿದವಳು ಅಮ್ಮ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಪ್ಪನ ಎದುರಿಗೇ ನಿಂತು, ತೋರುಬೆರಳು ಮೇಲೆತ್ತಿ ಗಾಳಿಯಲ್ಲಿ ಸಣ್ಣಗೆ ತಿರುಗಿಸಿದಳು. ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಟ್ಟನೆ ಎದ್ದು ನಿಂತರು. ಅದು ಕ್ರೇನಿನ ಸನ್ನೆ. ಸರಕು ಮೇಲೆತ್ತು ಎಂದು ಅರ್ಥ.

‘ಫ್ಯಾಕ್ಟ್ರೀಲಿ ಬಾಯಿ ಬಿಟ್ಟು ಮಾತಾಡ್ತಿದ್ರಾ? ಕೈಯಲ್ಲೇ ಮಾತಾಡಿ, ಹೊರಡಿ’ ಎಂದಳು, ತುಟಿ ಕಾಣುವಂತೆ ನಿಧಾನವಾಗಿ.

ಅಪ್ಪ ಕೂರುತ್ತಿದ್ದದ್ದು ಶೆಡ್ಡಿನ ಮಾಡಿಗೆ ತಾಗಿದಂತಿದ್ದ ಕ್ಯಾಬಿನ್ನಿನಲ್ಲಿ. ಕೆಳಗೆ ನಿಂತು ಸನ್ನೆ ಕೊಡುತ್ತಿದ್ದ ಮನುಷ್ಯ ತಮಿಳಿನವನು; ಅವನಿಗೆ ಕನ್ನಡ ಬಾರದು, ಇವರಿಗೆ ತಮಿಳು ಬಾರದು. ಇಬ್ಬರೂ ಹನ್ನೆರಡು ವರ್ಷ ಒಂದು ತಪ್ಪಿಲ್ಲದೆ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸಿದ್ದರು. ಆ ಸನ್ನೆಗಳನ್ನು ಅಪ್ಪ ಮನೆಗೂ ತಂದಿದ್ದರು. ಅನ್ನ ಬಡಿಸುವಾಗ ಸಾಕು ಎನ್ನಲು ಕೈ ಚಾಚಿ ಅಂಗೈ ಕೆಳಗೆ ಮಾಡುತ್ತಿದ್ದರು. ಅಮ್ಮನಿಗೆ ಅವೆಲ್ಲ ಕರತಲಾಮಲಕ. ನಾನು ಮಾತ್ರ ಕಲಿಯುವ ಗೋಜಿಗೆ ಹೋಗಿರಲಿಲ್ಲ.

ಅಂಗಳದಲ್ಲೇ ಪಾಠ ಶುರುವಾಯಿತು. ಕೈ ಚಾಚಿ ಅಂಗೈ ಕೆಳಗೆ ಮಾಡಿದರೆ ನಿಲ್ಲು. ಒಂದು ಕೈಯ ಮುಂದೆ ಇನ್ನೊಂದು ಅಂಗೈ ಅಲುಗಾಡದೆ ಹಿಡಿದರೆ ನಿಧಾನ. ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿ ಹಿಡಿದರೆ ಎಲ್ಲ ಇದ್ದ ಹಾಗೇ ಇರಲಿ. ಎರಡೂ ತೋಳು ಅಗಲಿಸಿ ಅಡ್ಡಡ್ಡ ಬೀಸಿದರೆ ಅಪಾಯ, ಈ ಕ್ಷಣ ನಿಲ್ಲು.

‘ಬೇರೆ ಸನ್ನೆ ಒಬ್ಬನೇ ಕೊಡ್ಬೇಕು. ಆದ್ರೆ ನಿಲ್ಲು ಅನ್ನೋ ಸನ್ನೆ ಯಾರು ಬೇಕಾದ್ರೂ ಕೊಡಬಹುದು. ಕಸ ಗುಡಿಸೋನು ಕೊಟ್ರೂ ನಿಲ್ಸಬೇಕು. ಯಾಕೆ ಅಂತ ಆಮೇಲೆ ಕೇಳು’ ಎಂದು ಅಪ್ಪ ಊರಿಗೇ ಕೇಳುವಂತೆ ಸಾರಿದರು. ನನ್ನ ತೋಳು ಸಾಕಷ್ಟು ನೆಟ್ಟಗಿಲ್ಲ ಎಂದು ಎರಡು ಸಲ ತಿದ್ದಿದರು. ಯಜಮಾನರೂ ಪಾಪ, ಪೊದೆ ಸವರುವ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ವಿದ್ಯಾರ್ಥಿಯಾದರು.

ಅವತ್ತಿನ ನಡಿಗೆಯನ್ನು ನಾನು ಮರೆಯುವುದಿಲ್ಲ. ನಾಲ್ವರೂ ಬಾಯಿ ಮುಚ್ಚಿದ್ದೆವು. ಹುಲ್ಲಿನ ಇಳಿಜಾರು ಮುಗಿದು ಕಾಡು ಶುರುವಾಗುವ ಕಡೆ ಅಪ್ಪ ಎಲ್ಲರಿಗಿಂತ ಮುಂದಾದರು. ಮೂವತ್ತು ವರ್ಷ ಮೇಲಿನಿಂದ ಕೆಳಗೆ ನೋಡಿ ಪಳಗಿದ ಕಣ್ಣು ಈಗ ಕೆಳಗಿನಿಂದ ಮೇಲೆ ನೋಡುತ್ತಿತ್ತು. ಯಜಮಾನರಿಗಿಂತ ಮೊದಲು ಅವರೇ ಕೆಂದಳಿಲನ್ನು ಕಂಡರು. ನಮ್ಮ ಊರಿನ ಬೆಕ್ಕಿಗಿಂತ ದೊಡ್ಡದು, ಮೈ ಕೆಂಪು, ಬಾಲ ಕೊಂಬೆಯಿಂದ ಕೆಳಗೆ ಇಳಿಬಿದ್ದಿತ್ತು. ಅಪ್ಪ ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿ ನಿಂತರು. ಎದುರಿನಿಂದ ಯಾರಾದರೂ ಬಂದಿದ್ದರೆ ಈ ಮನುಷ್ಯ ಅಳಿಲಿಗೆ ಅಡ್ಡ ಬೀಳಲು ಹೊರಟಿದ್ದಾರೆ ಅಂದುಕೊಳ್ಳುತ್ತಿದ್ದರು. ನಾವು ಇದ್ದ ಹಾಗೇ ನಿಂತೆವು. ಅಳಿಲು ಕೈಯಲ್ಲಿದ್ದ ಹಲಸಿನ ತೊಳೆಯನ್ನು ಪೂರಾ ತಿಂದು ಮುಗಿಸಿತು.

ಒಂದು ಗಂಟೆಯಲ್ಲಿ ಸಿಂಗಳೀಕಗಳ ಹಿಂಡನ್ನೂ ಅಪ್ಪನೇ ತೋರಿಸಿದರು. ಮರಿಯೊಂದು ತಾಯಿಯ ಬಾಲ ಎಳೆದಾಗ ನಾವೆಲ್ಲ ಸದ್ದಿಲ್ಲದೆ ನಕ್ಕೆವು. ಅಪ್ಪನೂ ನಕ್ಕರು, ನಮ್ಮ ಜೊತೆಗೇ, ಸರಿಯಾದ ಹೊತ್ತಿಗೆ. ಎಷ್ಟು ವರ್ಷವಾಗಿತ್ತೋ. ಅವರ ಮೇಲೆ ನನಗೆ ಉಕ್ಕಿಬಂದ ಪ್ರೀತಿಯನ್ನು ಹೇಳಲು ಆ ನಾಲ್ಕು ಸನ್ನೆಗಳಲ್ಲಿ ಯಾವುದೂ ಇರಲಿಲ್ಲ. ಮಿಷನ್ನಿನ ವಿಷಯವನ್ನೇ ಬಿಟ್ಟುಬಿಡೋಣ, ಇವರು ಹೀಗೇ ಇರಲಿ ಎಂದೂ ಅನಿಸಿತು.

ಇಳಿಯುವಾಗಲೂ ಅಪ್ಪ ಮುಂದಿದ್ದರು. ಉಮೇದಿನಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ದೂರವೇ ಹೋಗಿದ್ದರು. ದಾರಿ ಎರಡು ಪೊದೆಗಳ ನಡುವೆ ಇಕ್ಕಟ್ಟಾಗುವ ಕಡೆ ಎಡಗಡೆಯಿಂದ ಜೋರಾಗಿ ಬುಸ್ಸೆಂದು ಉಸಿರು ಬಿಟ್ಟ ಸದ್ದಾಯಿತು. ಹಿಂದೆಯೇ ಕೊಂಬೆ ಲಟಲಟ ಮುರಿಯಿತು. ಯಜಮಾನರು ನನ್ನ ತೋಳು ಹಿಡಿದರು.

‘ಕಾಟಿ. ಕೂಗಬೇಡಿ, ಓಡಬೇಡಿ. ಗಾಬರಿ ಬಿದ್ರೆ ಅದು ಎತ್ತ ನುಗ್ತದೆ ಹೇಳೂಕಾಗಲ್ಲ.’

ಕಾಡುಕೋಣ ಬರುತ್ತಿದ್ದದ್ದು ಅಪ್ಪ ಹೆಜ್ಜೆ ಇಡುತ್ತಿದ್ದ ಜಾಗಕ್ಕೇ. ಅಪ್ಪನಿಗೆ ಆ ಸದ್ದು ಕೇಳಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಆರಾಮಾಗಿ ನಡೆಯುತ್ತಿದ್ದರು. ಕಲ್ಲು ಎಸೆಯಲೇ, ಓಡಲೇ ಎಂದು ನನ್ನ ತಲೆ ಗಿರಗಿರ ತಿರುಗಿತು. ಕ್ರೇನ್ ನಡೆಸುವವರು ಸನ್ನೆ ಕೊಡುವವನ ಮೇಲೆ ಆಗಾಗ ಕಣ್ಣು ಹಾಯಿಸುತ್ತಲೇ ಇರಬೇಕಂತೆ. ಆ ಅಭ್ಯಾಸಕ್ಕೋ ಏನೋ, ಅಪ್ಪ ಒಮ್ಮೆ ಹಿಂತಿರುಗಿ ನೋಡಿದರು. ನಾನು ಗಾಬರಿಯಲ್ಲಿ ಎತ್ತಿದ್ದು ಯಾವ ಕೈಯೋ ನನಗೇ ತಿಳಿಯದು. ಅಮ್ಮ ಮಾತ್ರ ದಾರಿಯ ಮಧ್ಯಕ್ಕೆ ಬಂದು ಎರಡೂ ತೋಳು ಅಗಲಿಸಿ ಅಡ್ಡಡ್ಡ ಬೀಸಿದಳು.

ಅಪ್ಪ ನಿಂತರು. ಎತ್ತಿದ ಕಾಲನ್ನು ಮುಂದಿಡದೆ ಇದ್ದಲ್ಲೇ ಊರಿದರು. ಯಾಕೆ ಎಂದು ಹುಬ್ಬು ಕೂಡ ಏರಿಸಲಿಲ್ಲ. ಪೊದೆ ಸೀಳಿಕೊಂಡು ಕಪ್ಪು ಗೋಡೆಯಂಥ ಕಾಡುಕೋಣ ಅವರ ಮುಂದೆ ಐದಾರು ಮಾರು ದೂರದಲ್ಲಿ ದಾರಿಗೆ ಬಂತು. ಮೊಣಕಾಲಿನ ಕೆಳಗೆ ಬಿಳಿ ಕಾಲ್ಚೀಲ ಹಾಕಿದಂತಿತ್ತು. ತಲೆ ತಗ್ಗಿಸಿ ಅಪ್ಪನನ್ನು ನೋಡಿತು. ಅಮ್ಮ ತೋಳು ಇಳಿಸಿ ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸಿದಳು. ಅಪ್ಪ ಅದರ ಕಡೆ ತಿರುಗಲಿಲ್ಲ. ಅವರ ಕಣ್ಣು ಅಮ್ಮನ ಕೈಗಳ ಮೇಲೇ ಇತ್ತು. ಎಷ್ಟು ಹೊತ್ತೋ. ಆಮೇಲೆ ಅದು ಬಲಗಡೆಯ ಇಳಿಜಾರಿಗೆ ಇಳಿದು ಹೋಯಿತು. ಸದ್ದು ದೂರವಾಗುವ ತನಕ ಅಮ್ಮ ಕೈ ಬಿಡಿಸಲಿಲ್ಲ.

ನಾವು ಹತ್ತಿರ ಹೋದೆವು. ಮಣ್ಣಿನಲ್ಲಿ ನನ್ನ ಅಂಗೈಗಿಂತ ಅಗಲದ ಗೊರಸಿನ ಗುರುತು ಮೂಡಿತ್ತು. ಅಪ್ಪ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

‘ಇದು ಬರ್ತಾ ಸದ್ದಾಯ್ತೇನೇ?’

ಅಮ್ಮ ಹೌದೆಂದು ತಲೆಯಾಡಿಸಿದಳು.

‘ನೀನೂ ಕೇಳಿಸ್ಕೊಂಡ್ಯಾ?’ ನನ್ನ ಕಡೆ ನೋಡಿದರು. ಹೌದು ಅಂದೆ. ಯಜಮಾನರು ಬೇರೆ ಕಡೆ ನೋಡುತ್ತಿದ್ದರು.

ಅಪ್ಪ ದಾರಿ ಬದಿಯ ಕಲ್ಲಿನ ಮೇಲೆ ಕೂತರು. ಇದೇ ಹೊತ್ತಿಗಾಗಿ ನಾನು ಬೆಟ್ಟಕ್ಕೆ ಬಂದದ್ದು. ಹೇಳಬೇಕೆಂದು ವಾರದಿಂದ ಜೋಡಿಸಿಟ್ಟ ಮಾತುಗಳೆಲ್ಲ ನನ್ನಲ್ಲಿದ್ದವು. ಅವನ್ನು ಬಿಟ್ಟು ನೀರಿನ ಬಾಟಲಿ ಕೊಟ್ಟೆ. ಅವರು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು.

‘ಏನೂ ಕೇಳಿಸ್ಲಿಲ್ಲ ಕಣೇ’ ಎಂದರು ಅಮ್ಮನಿಗೆ. ‘ಸ್ವಲ್ಪಾನೂ.’

‘ಆಯ್ತಲ್ಲ, ಬಿಡಿ. ಏನೂ ಆಗಲಿಲ್ವಲ್ಲ’ ಎಂದು ಅಮ್ಮ ಅವರ ಭುಜದ ಮೇಲಿನ ಎಲೆಚೂರು ತೆಗೆದಳು.

‘ನಂಗೆ ಆಗೋದಿರ್ಲಿ ಮಾರಾಯ್ತಿ. ನಾನು ನಿನ್ನ ನೋಡಿದೆ, ನಿಂತೆ.’ ಅಪ್ಪ ದಾರಿಯ ಕಡೆ ಕೈ ತೋರಿಸಿದರು. ‘ಅದು ಹಿಂದೆ ನಿನ್ನ ಕಡೆ ಬಂದಿದ್ರೆ? ನೀನು ರೀ, ರೀ ಅಂತ ಕೂಗಿರ್ತಿದ್ದೆ. ನಾನು ಕೈ ಕಟ್ಕೊಂಡು ಹಂಗೇ ನಡ್ಕೊಂಡು ಹೋಗಿರ್ತಿದ್ದೆ.’

ಅಮ್ಮ ಅದೇ ಕಲ್ಲಿನ ಮೇಲೆ, ಇದ್ದಷ್ಟು ಜಾಗದಲ್ಲಿ, ಅವರಿಗೆ ಒತ್ತಿಕೊಂಡು ಕೂತಳು.

ಅಪ್ಪ ನನ್ನ ಕಡೆ ತಿರುಗಿದರು. ‘ಸೋಮವಾರ ಡಾಕ್ಟ್ರು ಇರ್ತಾರಾ?’ ಎಂದು ಕೇಳಿದರು.