ಗಾಜಿನ ಹಿಂದಿನ ಸ್ವರಗಳು

ಗುಬ್ಬಿ ಊರಿನ ಶಾಲೆಗೆ ಹೋದರೆ, ನಾನು ಕೊಟ್ಟಿದ್ದ ಅಕ್ಷರಗಳು ಗೋಡೆಯ ಮೇಲೆ, ಗಾಜಿನ ಹಿಂದೆ ಇದ್ದವು. ಓದು ಹತ್ತದ ಮಕ್ಕಳು ಬೆರಳಿಂದ ತಿದ್ದುತ್ತಾ ಬಾಯಲ್ಲಿ ಹೇಳಲಿ ಎಂದು ತರಿತರಿಯಾದ ಉಪ್ಪುಕಾಗದ ಕತ್ತರಿಸಿ ರಟ್ಟಿಗೆ ಅಂಟಿಸಿದ್ದ ಸ್ವರಗಳು ಅವು.

“ಇದೇನಮ್ಮಾ?” ಎಂದು ಹೆಡ್‌ಮಿಸ್ಸನ್ನು ಕೇಳಿದೆ.

“ಮಕ್ಕಳು ಮುಟ್ಟಿ ಗಲೀಜು ಮಾಡ್ತಾರೆ ಸರ್. ಚೆನ್ನಾಗಿದೆ ಅಂತ ಫ್ರೇಮ್ ಹಾಕಿಸಿದ್ವಿ.”

“ಮುಟ್ಲಿ ಅಂತ್ಲೇ ಕೊಟ್ಟಿದ್ದು. ಬಿಸಿಯೂಟಕ್ಕೂ ಗಾಜು ಹಾಕಿಸಿದೀರಾ?”

“ಇನ್‌ಸ್ಪೆಕ್ಷನ್ ಮುಗೀಲಿ ಸರ್...”

ಎರಡನೇ ಕ್ಲಾಸಾದರೂ ಅ ಆ ಬಾರದ ಹುಡುಗಿಯೊಬ್ಬಳು ಗಾಜಿನ ಮೇಲೇ ಬೆರಳಾಡಿಸುತ್ತಿದ್ದಳು. “ಏಯ್, ಗಾಜು ಮುಟ್ಬೇಡ ಕಣೇ!” ಎಂದು ಆಯಾ ಗದರಿದಳು.

ಮೈ ಉರಿಯಿತು. ಕುರ್ಚಿ ಹತ್ತಿ ಫ್ರೇಮ್ ಇಳಿಸಿದೆ. ಗಾಜನ್ನು ಬಿಚ್ಚಿ ಹೆಡ್‌ಮಿಸ್ ಕೈಗಿಟ್ಟು, ರಟ್ಟನ್ನು ಹುಡುಗಿಯ ಮುಂದಿಟ್ಟು ಕೂತೆ.

ಊಟದ ಬೆಲ್ ಹೊಡೆಯುವಷ್ಟರಲ್ಲಿ ಅವಳು ‘ಈ’ ತನಕ ಕಲಿತಳು. ರಟ್ಟು ಗಲೀಜಾಗಿತ್ತು.