ಅಣ್ಣನ ಬೈಕಿಗೆ ಹಾರನ್ ಇರಲಿಲ್ಲ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ನನ್ನ ಕೆಲಸ. ಶಾಲೆಗೆ ಹೋದದ್ದು ಏಳನೆಯ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ಸ್ಪ್ಯಾನರ್ ಹಿಡಿದೇ. ಸದ್ದು ಬಂತೆಂದರೆ ಎಲ್ಲೋ ಏನೋ ಸಡಿಲವಾಗಿದೆ, ಹುಡುಕಿದರೆ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಈಗಲೂ ಅದೇ ನಂಬಿಕೆ. ಆದರೆ ಒಂದು ಸದ್ದಿನ ಮೂಲ ಮಾತ್ರ ನನಗೆ ಸಿಕ್ಕಿಲ್ಲ. ಅದನ್ನು ಹೇಳಬೇಕಾದರೆ ಮೊದಲು ನನ್ನ ತಪ್ಪನ್ನು ಹೇಳಬೇಕು.

ನನ್ನ ಅಣ್ಣ ಬೈಕಿನಲ್ಲಿ ಮೀನು ಮಾರುತ್ತಿದ್ದ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಐಸ್ ಹಾಕಿ, ಹಿಂದಿನ ಪೆಟ್ಟಿಗೆಗೆ ತುಂಬಿ ಹಟ್ಟಿಯಂಗಡಿ ಕಡೆಯ ಒಳದಾರಿಗಳಿಗೆ ಹೋಗುತ್ತಿದ್ದ. ನಮ್ಮಲ್ಲಿ ಬೈಕಿನ ಮೀನಿನವರು ಬಾಯಲ್ಲಿ ಕೂಗುವುದಿಲ್ಲ. ಹ್ಯಾಂಡಲಿಗೆ ಕಟ್ಟಿದ ರಬ್ಬರ್ ಬುರುಡೆಯ ಹಾರನ್ ಒತ್ತುತ್ತಾರೆ. ಒಬ್ಬೊಬ್ಬರು ಒತ್ತುವುದು ಒಂದೊಂದು ರೀತಿ. ಅಣ್ಣನದು ಎರಡು ಗಿಡ್ಡ, ಒಂದು ಉದ್ದ. ಅಡುಗೆಮನೆಯಲ್ಲಿ ಇದ್ದವರಿಗೂ ಬಂದವನು ಯಾರೆಂದು ಗೊತ್ತಾಗುತ್ತಿತ್ತು. ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು.

ಬೈಕು ಹಳೆಯದು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವಂಥದ್ದು. ಒಂದು ಮಳೆಗಾಲ ಮುಗಿಯುವಾಗ ಅದರ ಕ್ಲಚ್ ಜಾರತೊಡಗಿತು. ಅಣ್ಣನ ದಾರಿಯಲ್ಲಿ ಒಂದು ದೊಡ್ಡ ಏರು ಇದೆ. ತುಂಬಿದ ಪೆಟ್ಟಿಗೆಯ ಸಮೇತ ಅಲ್ಲಿ ಇಳಿದು ತಳ್ಳಬೇಕಾಯಿತು.

“ಕ್ಲಚ್ ಪ್ಲೇಟ್ ಒಂಚೂರ್ ಕಾಣ್ ಮಾರಾಯಾ,” ಎಂದ ಅಣ್ಣ.

“ನಾಳೆ ಕಾಂಬ,” ಎಂದೆ ನಾನು.

ಬೋಟುಗಳು ಕಡಲಿಗೆ ಇಳಿಯುವ ಕಾಲ. ದೊಡ್ಡ ದೊಡ್ಡ ಬೋಟಿನವರು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಆ ಕರೆ ನನಗೆ ಹಿತವಾಗಿತ್ತು. ಅಣ್ಣ ಕೇಳಿದಾಗೆಲ್ಲ ನನ್ನ ಬಾಯಿಂದ ಬಂದದ್ದು “ನಾಳೆ ಕಾಂಬ”, ನಾಳೆ ನೋಡೋಣ, ಎಂಬ ಮಾತೇ. ಒಂದು ದಿನ ನಾನು ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದಾಗ ಒಳಗೆ ಅತ್ತಿಗೆ ಹೇಳುವುದು ಕೇಳಿಸಿತು: “ಪ್ಯಾಟಿ ಗ್ಯಾರೇಜಿಗೆ ಕೊಡಿ. ಆ ದೊಡ್ಡ ಜನಕ್ಕೆ ಪುರ್ಸೊತ್ತಿಲ್ಲ.” ಅದಕ್ಕೆ ಅಣ್ಣ, “ತಮ್ಮ ಮೆಕ್ಯಾನಿಕ್. ಅಣ್ಣ ಬೇರೆಯವ್ರ ಹತ್ರ ಗಾಡಿ ಕೊಟ್ಟ ಅಂದ್ರೆ ಅವ್ನ ಮರ್ಯಾದಿ ಎಂತ ಆತ್ತ್?” ಎಂದ.

ಇದನ್ನು ಕಿವಿಯಾರೆ ಕೇಳಿದೆ. ಕೇಳಿಯೂ ಮರುದಿನ ಬಂದರಿಗೇ ಹೋದೆ.

ನನ್ನ ಮರ್ಯಾದೆ ಉಳಿಸಲಿಕ್ಕೆ ಅಣ್ಣ ಬೈಕನ್ನು ಚಪ್ಪರದ ಕೆಳಗೆ ನಿಲ್ಲಿಸಿ ಐಸ್ ಫ್ಯಾಕ್ಟರಿಯ ಕೂಲಿಗೆ ಸೇರಿದ. ಎರಡು ವರ್ಷದ ಮೇಲೆ ಐಸ್ ಎತ್ತುತ್ತಿದ್ದವನು ಅಲ್ಲೇ ಕುಸಿದು ಬಿದ್ದ, ಮತ್ತೆ ಏಳಲಿಲ್ಲ. ಡಾಕ್ಟರು ಹಾರ್ಟ್ ಎಂದರು. ನನಗೆ ಆ ಕ್ಲಚ್ ಪ್ಲೇಟೇ ಕಣ್ಣ ಮುಂದೆ ಬಂತು. ಅತ್ತಿಗೆ ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಳೆದ ವರ್ಷ ಅತ್ತಿಗೆ, “ಗಾಡಿ ಕೇಂಡ್ಕಂಡ್ ಗುಜ್ರಿಯವ್ನ್ ಬಂದಿದ್ದ. ಕೊಟ್ಟ್ ಬಿಡುದಾ?” ಎಂದರು.

“ಎರಡ್ ತಿಂಗ್ಳ್ ಬಿಡಿ ಅತ್ತಿಗೆ. ನಾ ಕಾಂತೆ.”

“ನೀ ಕಾಂಬುದ್ ನಾ ಕಂಡಿದೆ,” ಎಂದು ಅವರು ಒಳಗೆ ಹೋದರು. ಬೈಕನ್ನು ಮಾತ್ರ ಕೊಡಲಿಲ್ಲ.

ಬಂದರಿನಿಂದ ಬಂದ ಮೇಲೆ ಸಂಜೆ ಹೊತ್ತು ಅಂಗಳದಲ್ಲಿ ಕೆಲಸ ಹಿಡಿದೆ. ಐಸಿನ ಉಪ್ಪುನೀರು ಸೋರಿ ಸೋರಿ ಹಿಂಭಾಗವನ್ನು ತಿಂದುಹಾಕಿತ್ತು. ಪಿಸ್ಟನ್ ಕಚ್ಚಿ ಕೂತಿತ್ತು. ಪ್ಲಗ್ ತೆಗೆದು ಆ ತೂತಿನಲ್ಲಿ ಡೀಸೆಲ್ ಹೊಯ್ದು ಬಿಟ್ಟೆ. ದಿನವೂ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಸ್ವಲ್ಪ ಸ್ವಲ್ಪ ಅಲುಗಿಸಿದೆ. ಸುತ್ತಿಗೆ ಎತ್ತಲಿಲ್ಲ. ಒಂದು ಸಂಜೆ ‘ಕಟ್’ ಎಂದು ಬಿಟ್ಟುಕೊಂಡಿತು. ಟ್ಯಾಂಕಿನ ತುಕ್ಕಿಗೆ ಸೀಮೆಎಣ್ಣೆ ಮತ್ತು ಸಣ್ಣ ಕಲ್ಲು ಹಾಕಿ ತೋಳು ಸೋಲುವಷ್ಟು ಕುಲುಕಿದೆ. ಕಾರ್ಬೊರೇಟರ್ ಬಿಚ್ಚಿ ಕೂದಲೆಳೆಯಂಥ ತೂತುಗಳನ್ನೆಲ್ಲ ಊದಿ ತೆರೆದೆ. ಹೊಗಳಿಕೊಂಡೆ ಎನ್ನಬೇಡಿ, ಇದನ್ನೆಲ್ಲ ಇನ್ನೊಬ್ಬರ ಕೈ ತಾಗಿಸದೆ ಮಾಡಿದೆ.

ಕ್ಲಚ್ ಪ್ಲೇಟ್ ಹಾಕಲಿಕ್ಕೆ ಒಂದು ಬೆಳಿಗ್ಗೆ ಸಾಕಾಯಿತು. ಊಟಕ್ಕೆ ಕರೆಯುವ ಮೊದಲೇ ಮುಗಿದಿತ್ತು. ಅಂದು ನನಗೆ ಊಟ ಸೇರಲಿಲ್ಲ.

ಮೊದಲ ಸಲ ಕಿಕ್ ಹೊಡೆದಾಗ ಅಂಗಳ ಪೂರ್ತಿ ಬಿಳಿ ಹೊಗೆ. ಡೀಸೆಲ್ ಇಂಜಿನ್ ಮಾಡಿಯೇ ರೂಢಿಯಾದ ಕೈ, ಪೆಟ್ರೋಲಿಗೆ ಬೆರೆಸುವ ಆಯಿಲ್ ಅಂದಾಜು ತಪ್ಪಿ ಹೊಯ್ದಿತ್ತು. ಪಕ್ಕದ ಮನೆಯವರು ಬೇಲಿಯಾಚೆಯಿಂದ, “ಹ್ವಾಯ್, ಸೊಳ್ಳಿ ಓಡ್ಸುದಾ?” ಎಂದರು. ಅತ್ತಿಗೆ ಸೆರಗು ಮೂಗಿಗೆ ಹಿಡಿದು ನಕ್ಕರು. ಅಣ್ಣ ಹೋದ ಮೇಲೆ ನನ್ನ ಎದುರು ಅವರು ನಕ್ಕದ್ದು ಅದೇ ಮೊದಲು.

ಹಾರನ್ ಒಂದನ್ನು ಸರಿಮಾಡಲಾಗಲಿಲ್ಲ. ಮುಟ್ಟಿದರೆ ರಬ್ಬರ್ ಬುರುಡೆ ಹಪ್ಪಳದ ಹಾಗೆ ಮುರಿಯಿತು. ಅದನ್ನು ಬಿಚ್ಚಿ ಜಗಲಿಯ ಮೊಳೆಗೆ ತೂಗಿಹಾಕಿದೆ. ಹ್ಯಾಂಡಲಿನಲ್ಲಿ ಉಳಿದದ್ದು ಬರೀ ಅದನ್ನು ಬಿಗಿದಿದ್ದ ಪಟ್ಟಿ.

ಗಾಳಿ ಜೋರೆಂದು ಬೋಟುಗಳು ಎರಡು ದಿನದಿಂದ ಕಡಲಿಗೆ ಹೋಗಿರಲಿಲ್ಲ. ಬಂದರಿನಲ್ಲಿ ಮೀನಿಲ್ಲ, ನನಗೆ ಕೆಲಸವಿಲ್ಲ. ಕ್ಲಚ್ಚನ್ನು ಪರೀಕ್ಷೆ ಮಾಡುವುದಾದರೆ ಆ ಏರಿನಲ್ಲೇ ಮಾಡಬೇಕೆಂದು ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಟೆ. ಪೆಟ್ಟಿಗೆಯನ್ನೂ ಕಟ್ಟಿರಲಿಲ್ಲ. ಬುಡದಿಂದ ತುದಿಯವರೆಗೆ ಎಲ್ಲಿಯೂ ಜಾರದೆ, ಎಲ್ಲಿಯೂ ಕೆಮ್ಮದೆ ಬೈಕು ಹತ್ತಿತು. ತುದಿಯಲ್ಲಿ ನಿಲ್ಲಿಸಿ ಕಣ್ಣು ಒರೆಸಿಕೊಂಡೆ. ಎಷ್ಟೋ ಬೋಟು ಕಡಲಿಗೆ ಇಳಿಸಿದ್ದೇನೆ, ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಅಲ್ಲೇ ತಿರುವಿನ ಮನೆಯ ಗೇಟಿನಲ್ಲಿ ಒಬ್ಬ ವಯಸ್ಸಾದ ಅಮ್ಮ ಪಾತ್ರೆ ಹಿಡಿದು ನಿಂತಿದ್ದರು.

“ಬಂಗ್ಡಿ ಇತ್ತಾ?” ಎಂದು ಕೇಳಿದವರು ನನ್ನ ಮುಖ ನೋಡಿ ತಡೆದರು. “ನೀ ಯಾರಾ? ಗಾಡಿ ಅವ್ನದ್ದೇ.”

“ನಾ ಅವ್ರ ತಮ್ಮ, ಅಮ್ಮ. ಮೀನ್ ಇಲ್ಲ, ಗಾಡಿ ಕಾಂಬುಕ್ ಬಂದದ್.”

“ಮೀನ್ ಇಲ್ದೆ ಹಾರನ್ ಎಂತಕ್ ಹೊಡ್ದೆ? ಒಲಿ ಮೇಲಿದ್ದದ್ ಬಿಟ್ಟ್ ಓಡಿ ಬಂದೆ ಮಾರಾಯಾ.”

ನಾನು ಖಾಲಿ ಪಟ್ಟಿಯನ್ನು ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕಿವಿ ಮುಟ್ಟಿಕೊಂಡರು. “ನನ್ ಕೆಮಿ ಸಮ ಇತ್ತ್. ಎರಡ್ ಗಿಡ್ಡ, ಒಂದ್ ಉದ್ದ. ಎಷ್ಟ್ ವರ್ಷ ಕೇಂಡಿದೆ ನಾನ್.” ಮತ್ತೆ ಕೇಳಿದರು: “ಮೆಕ್ಯಾನಿಕ್ ತಮ್ಮ ಅಂದ್ರೆ ನೀನೇಯಾ? ಕಡೀಗ್ ಬಂದಾಗ ಹೇಳಿದ್ದ, ತಮ್ಮ ಗಾಡಿ ಸಮ ಮಾಡ್ ಕೊಟ್ಟ್ ಕೂಡ್ಲೇ ಬತ್ತೆ, ಹಾರನ್ ಕೇಂಡ್ರೆ ಪಾತ್ರಿ ತಕಂಡ್ ಬನ್ನಿ ಅಂದೇಳಿ.”

ಅಣ್ಣ ತೀರಿಹೋದದ್ದನ್ನು ಹೇಳಿದೆ. ಅವರು ಪಾತ್ರೆಯನ್ನು ಕೆಳಗಿಟ್ಟು ಗೇಟು ಹಿಡಿದುಕೊಂಡರು.

ಮುಂದಿನ ತಿರುವಿನಲ್ಲಿ ಇನ್ನೊಬ್ಬಳು ಹೆಂಗಸು ತಟ್ಟೆ ಹಿಡಿದು ರಸ್ತೆಗೇ ಬಂದಿದ್ದಳು. ಅವಳ ಮನೆಯ ಬೆಕ್ಕು ಪಾಗಾರದ ಗೋಡೆಯ ಮೇಲೆ ಕೂತು, ಪೆಟ್ಟಿಗೆ ಇರಬೇಕಾದ ಜಾಗವನ್ನೇ ನೋಡುತ್ತಿತ್ತು. ಅವಳು ಹೇಳಿದ್ದೂ ಹಾರನ್ ಎಂದೇ. ಬೇರೆ ಮೀನಿನವರು ಬಂದಿರಬಹುದೇ ಎಂದು ಕೇಳಿದೆ. ನಿನ್ನೆಯಿಂದ ಯಾರೂ ಬಂದಿಲ್ಲ ಎಂದಳು. ಬಂದರಿನಲ್ಲೇ ಇಲ್ಲದ ಮೀನನ್ನು ಯಾರು ತರುತ್ತಾರೆ? ನನಗಂತೂ ಇಂಜಿನ್ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಇಂಜಿನ್ ಸದ್ದಿನಿಂದ ಗುರುತು ಸಿಕ್ಕಿತೆನ್ನಲು ನಾನು ಹಾಕಿದ ಸೈಲೆನ್ಸರ್ ಹೊಸದು, ಅದರ ಸದ್ದೇ ಬೇರೆ.

ಮನೆಗೆ ಬಂದು ನೋಡಿದರೆ ಹಾರನ್ ಮೊಳೆಯಲ್ಲೇ ಇತ್ತು, ಮುರಿದ ಬುರುಡೆಯ ಸಮೇತ. ನಡೆದದ್ದನ್ನು ಅತ್ತಿಗೆಗೆ ಹೇಳಿದೆ. ಹಿತ್ತಲಿನಲ್ಲಿ ನಾನು ಕೇಳಿಸಿಕೊಂಡ ಮಾತನ್ನೂ ಅಂದೇ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವರು ಅಣ್ಣನ ಮೀನಿನ ಪೆಟ್ಟಿಗೆಯನ್ನು ತಿಕ್ಕಿ ತೊಳೆದು ಬಾವಿಕಟ್ಟೆಯ ಹತ್ತಿರ ಬಿಸಿಲಿಗೆ ಕವುಚಿ ಇಟ್ಟಿದ್ದರು.

ಈಗ ಭಾನುವಾರಗಳಂದು ಆ ದಾರಿಗೆ ಮೀನು ತೆಗೆದುಕೊಂಡು ಹೋಗುತ್ತೇನೆ. ಬೈಕು ಒಂದು ದಿನವೂ ಏರಿನಲ್ಲಿ ನಿಂತಿಲ್ಲ. ನಾನು ತುದಿ ಮುಟ್ಟುವಷ್ಟರಲ್ಲಿ ಜನ ಗೇಟಿನಲ್ಲಿ ಇರುತ್ತಾರೆ. ಈಗ ಅವರಿಗೆ ಇಂಜಿನ್ ಸದ್ದು ಅಭ್ಯಾಸವಾಗಿದೆ ಎನ್ನಬಹುದು. ಆದರೆ ಆ ಮೊದಲ ದಿನ? ನನಗೆ ಗೊತ್ತಿಲ್ಲ. ಹಾರನ್‌ಗೆ ಹೊಸ ರಬ್ಬರ್ ಬುರುಡೆ ತಂದು ಜಗಲಿಯಲ್ಲಿ ಇಟ್ಟಿದ್ದೇನೆ, ಹಾಕಿಲ್ಲ. ಹಾಕಿದರೆ ಆಮೇಲೆ ಒತ್ತುವವನು ನಾನಾಗುತ್ತೇನೆ.