ಎರಡನೇ ಡಿಸ್ಕ್ ಹಾಕಿದ ಶುಕ್ರವಾರ

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಮೊನ್ನೆ ಎರಡನೇ ಹಾರ್ಡ್ ಡಿಸ್ಕ್ ಹಾಕಿಸಲು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಸ್ಕ್ರೂ ಬಿಚ್ಚುವ ಮೊದಲು, ‘ಹಳೇದರಲ್ಲಿ ಇರೋದನ್ನ ಕಾಪಿ ಮಾಡ್ಕೊಂಡಿದ್ದೀರಾ ಮೇಡಂ?’ ಎಂದು ಕೇಳಿದರು. ಎಂಬತ್ತರ ದಶಕದ ಕೊನೆಯಲ್ಲಿ, ಹೊಸೂರಿನ ಒಂದು ಕಾರ್ಖಾನೆಯಲ್ಲಿ, ಇದೇ ಪ್ರಶ್ನೆಯನ್ನು ಒಬ್ಬರು ಕೇಳಿದ್ದೇನೋ ಕೇಳಿದ್ದರು. ಉತ್ತರಕ್ಕೆ ಯಾರೂ ಕಾಯಲಿಲ್ಲ.

ಆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಟೈಪ್ ಮಾಡುವ ಕೆಲಸಕ್ಕಿದ್ದೆ. ಇಡೀ ಕಾರ್ಖಾನೆಗೆ ಎ.ಸಿ. ಇದ್ದದ್ದು ಆ ಒಂದು ಕೋಣೆಗೆ ಮಾತ್ರ. ಜನರಲ್ಲ, ಯಂತ್ರ ಬೆವರಬಾರದೆಂದು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ದಿನಗೂಲಿಯವರ ಹಾಜರಿ ಕಾರ್ಡುಗಳನ್ನು ನೋಡಿಕೊಂಡು ಕಂಪ್ಯೂಟರಿಗೆ ಹೊಡೆಯುವುದು ನನ್ನ ಕೆಲಸ. ಹೊಡೆದು ಮುಗಿದ ಕಾರ್ಡುಗಳು ಕ್ಯಾಂಟೀನಿನ ಒಲೆಗೆ ಹೋಗುತ್ತಿದ್ದವು. ಎಲ್ಲವೂ ಕಂಪ್ಯೂಟರಿನಲ್ಲಿ ಇರುವಾಗ ಕಾಗದ ಯಾಕೆ ಎಂದು ನಾವೆಲ್ಲ ಜಂಬದಿಂದ ಹೇಳಿಕೊಳ್ಳುತ್ತಿದ್ದೆವು.

ಉದ್ದನಪಲ್ಲಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬ ದಿನಗೂಲಿಯವನಿದ್ದ. ನನಗಿಂತ ಹತ್ತು ವರ್ಷವಾದರೂ ದೊಡ್ಡವನು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದ. ಎರಡು ವರ್ಷದೊಳಗೆ ನಾನೂರ ಎಂಬತ್ತು ದಿನ ದುಡಿದವರನ್ನು ಪರ್ಮನೆಂಟ್ ಮಾಡಬೇಕು ಎಂಬ ಕಾನೂನು ಆತನಿಗೆ ಬಾಯಿಪಾಠ. ಪರ್ಮನೆಂಟ್ ಆಗದವನಿಗೆ ಸೂಪರ್‌ವೈಸರ್ ಯಾವ ಸಂಜೆಯಾದರೂ ‘ನಾಳೆಯಿಂದ ಬರಬೇಡ’ ಎನ್ನಬಹುದಿತ್ತು. ಪ್ರತಿ ಶನಿವಾರ ಆತ ಬರಿಗಾಲಲ್ಲಿ ಬಾಗಿಲ ಹತ್ತಿರ ನಿಂತು, ‘ಅಕ್ಕಾ, ಎಷ್ಟಾಯ್ತು ಒಸಿ ನೋಡ್ಬುಡಿ’ ಎನ್ನುತ್ತಿದ್ದ. ನಾನು ನೋಡಿ ಹೇಳುತ್ತಿದ್ದೆ. ಲೆಕ್ಕ ಆತನಿಗೂ ಗೊತ್ತೇ ಇತ್ತು. ಯಂತ್ರದ ಬಾಯಲ್ಲಿ ಕೇಳಿದರೆ ಒಂದು ಧೈರ್ಯ. ಎರಡನೇ ಡಿಸ್ಕ್ ಹಾಕುವ ಹಿಂದಿನ ಶನಿವಾರ ನಾನೂರ ಅರವತ್ತಾರು ಎಂದಿದ್ದೆ. ‘ಇನ್ ಹದಿನಾಕೇ ದಿನ ಅಲ್ವಾ’ ಎಂದು ಆತ ನಗುತ್ತಾ ಹೋಗಿದ್ದ.

ಅಷ್ಟರಲ್ಲಿ ಡಿಸ್ಕ್ ತುಂಬಿತು. ಹಳೆಯದರ ಪಕ್ಕದಲ್ಲೇ ಎರಡನೆಯದನ್ನು ಹಾಕಲು ಬೆಂಗಳೂರಿನಿಂದ ಎಂಜಿನಿಯರ್ ಬರುವುದೆಂದಾಯಿತು. ನಮ್ಮ ಆಫೀಸರು ಪಂಚಾಂಗ ನೋಡಿ ಶುಕ್ರವಾರ ಬೆಳಿಗ್ಗೆ ಎಂದು ನಿಗದಿ ಮಾಡಿದರು. ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಮೊದಲು ಕೆಲಸ ಆಗಬೇಕು. ಎಂಜಿನಿಯರ್ ಬಂದ ಬಸ್ಸು ಅತ್ತಿಬೆಲೆಯಲ್ಲಿ ಕೆಟ್ಟು ನಿಂತು, ಆತ ಏದುಸಿರು ಬಿಡುತ್ತಾ ಒಳಗೆ ಬಂದಾಗ ಹತ್ತು ಗಂಟೆಗೆ ಐದೇ ನಿಮಿಷವಿತ್ತು. ಹೊಸ ಡಿಸ್ಕಿಗೆ ಆಗಲೇ ಕುಂಕುಮ ಇಟ್ಟು, ಬಾಳೆಹಣ್ಣಿನ ತಟ್ಟೆಯಲ್ಲಿ ಕೂರಿಸಿದ್ದರು.

‘ಹಳೇದನ್ನ ಫ್ಲಾಪಿಗೆ ಕಾಪಿ ತೆಗೆದಿದ್ದೀರಾ?’ ಎಂದ ಎಂಜಿನಿಯರ್.

‘ಅದಕ್ಕೆ ಗಂಟೆಗಟ್ಟಲೆ ಬೇಕು. ಆಮೇಲೆ ಮಾಡ್ಕೊಳ್ಳೋಣ ರೀ. ಮೊದಲು ಇದನ್ನ ಶುರು ಮಾಡಿ’ ಎಂದರು ಆಫೀಸರು, ಗಡಿಯಾರ ನೋಡುತ್ತಾ.

ಎಂಜಿನಿಯರ್ ತರಾತುರಿಯಲ್ಲಿ ಡಿಸ್ಕ್ ಕೂರಿಸಿ ಕೇಬಲ್ ಸಿಕ್ಕಿಸಿದ. ಹೊಸ ಡಿಸ್ಕನ್ನು ಒಮ್ಮೆ ಪೂರ್ತಿ ಅಳಿಸಿ ಅಣಿ ಮಾಡಿದರೆ ಬಳಸಬಹುದು, ಅದಕ್ಕೆ ಒಂದು ಕೀ ಒತ್ತಿದರೆ ಸಾಕು ಎಂದ. ಒತ್ತಲು ಕೈ ಮುಂದೆ ಮಾಡಿದವನನ್ನು ಆಫೀಸರು ತಡೆದರು. ಮೊದಲ ಡಿಸ್ಕ್ ಬಂದಾಗ ಶುರು ಮಾಡಿದವಳು ನಾನೇ, ಎರಡು ವರ್ಷ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ‘ನಮ್ಮ ಹುಡುಗಿ ಕೈಗುಣ ಚೆನ್ನಾಗಿದೆ, ಅವಳೇ ಒತ್ತಲಿ’ ಎಂದರು. ಎಂಜಿನಿಯರ್ ಪಕ್ಕಕ್ಕೆ ಸರಿದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳುತ್ತಿತ್ತು. ಹೊಸ ಡಿಸ್ಕಿನಲ್ಲಿ ಅಳಿಸಿಹೋಗಲು ಏನಿದೆ, ಮಣ್ಣು ಎಂದುಕೊಂಡು ಒತ್ತಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಹಾಜರಿ ತೆಗೆಯಲು ಹೋದೆ. ಇಲ್ಲ. ಇನ್ನೊಮ್ಮೆ ನೋಡಿದೆ. ಏನೇನೂ ಇಲ್ಲ. ಎಂಜಿನಿಯರ್ ಬಗ್ಗಿ ಕೇಬಲ್ ನೋಡಿದವನು ತಲೆ ಎತ್ತಲೇ ಇಲ್ಲ. ಅವಸರದಲ್ಲಿ ಹಳೆಯದರ ಕೇಬಲನ್ನು ಹೊಸದಕ್ಕೆ, ಹೊಸದರದ್ದನ್ನು ಹಳೆಯದಕ್ಕೆ ಸಿಕ್ಕಿಸಿದ್ದ. ನಾನು ಅಳಿಸಿದ್ದು ಹಳೆಯದನ್ನು. ಎರಡು ವರ್ಷದ ಹಾಜರಿ ನನ್ನ ಒಂದು ಬೆರಳಿಗೆ ಹೋಗಿತ್ತು. ಪರ್ಮನೆಂಟ್ ನೌಕರರದ್ದು ಪುಸ್ತಕದಲ್ಲೂ ಇತ್ತು. ದಿನಗೂಲಿಯವರದ್ದು ಬೇರೆಲ್ಲೂ ಇರಲಿಲ್ಲ.

ಆಫೀಸರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಅಳುತ್ತಾ ನಿಂತಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು, ನಾನು ಕಣ್ಣಾರೆ ಕಂಡೆ. ‘ಹೋಗ್ಲಿ ಬಿಡಮ್ಮ, ದಿನಗೂಲಿಯವರದ್ದು ತಾನೇ? ಸೋಮವಾರದಿಂದ ಎಲ್ಲರಿಗೂ ಒಂದನೇ ದಿನ ಅಂತ ಶುರು ಮಾಡು’ ಎಂದು ತಟ್ಟೆಯಿಂದ ಒಂದು ಬಾಳೆಹಣ್ಣು ಕಿತ್ತು ನನ್ನ ಕೈಗಿಟ್ಟರು. ‘ಹೊರಗೆ ಮಾತು ಹೋಗೋದು ಬೇಡ. ಒತ್ತಿದ್ದು ನೀನು.’ ಡಿಸ್ಕ್ ಹೋದದ್ದಕ್ಕಿಂತ ಆ ಬಾಳೆಹಣ್ಣಿಗೆ ನಾನು ಹೆಚ್ಚು ಬೆಚ್ಚಿದೆ. ಅರವತ್ತು ಜನರ ದುಡಿಮೆ ಅಳಿಸಿಹೋದರೆ ಒಬ್ಬ ಮನುಷ್ಯನಿಗೆ ಸಂತೋಷವಾಗಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಶನಿವಾರ. ಉದ್ದನಪಲ್ಲಿಯವನಿಗೆ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ನಿಂತು, ‘ಮಿಷನ್ನಲ್ಲಿದ್ದಿದ್ದೆಲ್ಲ ಹೋಗ್ಬುಡ್ತಂತೆ, ದಿಟವಾ ಅಕ್ಕಾ?’ ಎಂದ. ನಾನು ತಲೆಯಾಡಿಸಿದೆ. ಆತ ಗಾಬರಿಯಾಗಲಿಲ್ಲ. ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ.

‘ಮಿಷನ್ ಹೋದ್ರೆ ಹೋಯ್ತದೆ, ನೀವಿದ್ದೀರಲ್ಲ. ವಾರ ವಾರ ನೀವೇ ಓದಿ ಹೇಳಿದ್ರಿ. ಹ್ವಾದ್ ವಾರ ಎಷ್ಟಿತ್ತು ಅಂತ ಒಂದ್ ಚೀಟೀಲಿ ಬರ್ದು ಸೈನ್ ಹಾಕ್ಕೊಡಿ. ಸೋಮವಾರ ಸರ್ಕಾರದ ಲೇಬರ್ ಆಫೀಸರ್ ತಾವ ಹೋಗಿ ಬತ್ತೀನಿ.’

ನನ್ನ ಮುಂದೆ ಕಾಗದ, ಪೆನ್ನು ಎರಡೂ ಇದ್ದವು. ಗಾಜಿನಾಚೆ ಆಫೀಸರ ಮೇಜು ಕಾಣುತ್ತಿತ್ತು. ಅಪ್ಪನಿಗೆ ಆ ವರ್ಷ ಕೆಲಸವಿರಲಿಲ್ಲ, ಮನೆ ನಡೆಯುತ್ತಿದ್ದದ್ದು ನನ್ನಿಂದ.

‘ಎಷ್ಟಿತ್ತೋ, ನನಗೆ ನೆನಪಿಲ್ಲ’ ಎಂದೆ.

ಆತ ದಂಗಾಗಿ ನನ್ನನ್ನೇ ನೋಡಿದ. ಎಲ್ಲ ಅಳಿಸಿಹೋಗಿದೆ ಎಂದು ನಾನು ತಲೆಯಾಡಿಸಿದಾಗಲೂ ಆತ ಹಾಗೆ ನೋಡಿರಲಿಲ್ಲ.